ಗಿರಿಜೆಯ ಪಬ್ಬಿನ ಬಾಗಿಲಲ್ಲಿ

“ಮಾತಾಜಿ, ಸ್ಟೇಷನ್ ಉಸ್ ತರಫ್” ಎಂದು ಪಬ್ಬಿನ ಕಾವಲುಗಾರ ನನಗೆ ದಾರಿ ತೋರಿಸಿದ.

ತಪ್ಪು ಅವನದಲ್ಲ. ಅರವತ್ತಾರು ವರ್ಷದ ಹೆಂಗಸು, ನೂಲಿನ ಸೀರೆ, ಕೈಯಲ್ಲಿ ಮಡಚಿದ ಕೊಡೆ... ಮಧ್ಯಾಹ್ನ ಮೂರು ಗಂಟೆಗೆ ಅಂಧೇರಿ ಸ್ಟೇಷನ್ ಪಕ್ಕದ ಪಬ್ಬಿನೆದುರು ಅಂಥವಳೊಬ್ಬಳು ನಿಂತಿದ್ದರೆ ದಾರಿ ತಪ್ಪಿ ಬಂದವಳೆಂದೇ ಯಾರಾದರೂ ತಿಳಿಯುತ್ತಾರೆ.

ನಾನು ದಾರಿ ತಪ್ಪಿರಲಿಲ್ಲ. ಗಿರಿಜೆಯನ್ನು ಕಾಣಲು ಬಂದಿದ್ದೆ.

ಗಿರಿಜೆ ನಮ್ಮ ಕರಾವಳಿಯ ಉಪ್ಪುಂದದ ಸಮೀಪದ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ನನ್ನ ಕೈಯಲ್ಲಿ ಕಲಿತವಳು. ತಮ್ಮನ ಮಗಳ ಮದುವೆಗೆಂದು ನಾನು ಮುಂಬೈಗೆ ಬಂದ ಸುದ್ದಿ ಹೇಗೋ ತಿಳಿದು, ಹಿಂದಿನ ದಿನ ಫೋನ್ ಮಾಡಿದ್ದಳು. ಗಂಡ ತೀರಿಕೊಂಡ ಮೇಲೆ ಪಬ್ಬನ್ನು ತಾನೇ ನಡೆಸುತ್ತಿರುವುದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು.

“ನಿಮ್ಗೆ ಒಳ್ಗ್ ಬಪ್ಪುಕೆ ಆತಿಲ್ಲ ಅಂದ್ರೆ ಬ್ಯಾಡ ಟೀಚರೇ. ರಸ್ತೆ ಬದಿಗ್ ನಿಂತ್ಕಂಡ್ ಕರಿನಿ, ನಾನೇ ಹೊರ್ಗ್ ಬತ್ತೆ. ಅದ್ ನಂಗೆ ರೂಢಿ ಇತ್ತ್.”

ಫೋನ್ ಇಟ್ಟ ಮೇಲೂ ಆ ಕೊನೆಯ ಮಾತು ಕಿವಿಯಲ್ಲೇ ಉಳಿಯಿತು. ಅವಳು ಮರೆತಿರಲಿಲ್ಲ.

ಮೂವತ್ತು ವರ್ಷಗಳ ಹಿಂದಿನ ಮಾತು. ಗಿರಿಜೆಯ ತಂದೆ ಸಾರಾಯಿಯ ಗಡಂಗು ನಡೆಸುತ್ತಿದ್ದರು. ಮುಂದೆ ಗಡಂಗು, ಹಿಂದೆ ವಾಸದ ಮನೆ. ಎರಡಕ್ಕೂ ಇದ್ದದ್ದು ಒಂದೇ ಬಾಗಿಲು.

ಚೆನ್ನಾಗಿ ಓದುತ್ತಿದ್ದ ಹುಡುಗಿ ಹೈಸ್ಕೂಲಿಗೆ ಸೇರಲಿಲ್ಲವೆಂದು ತಿಳಿದಾಗ, ತಂದೆಯನ್ನು ಒಪ್ಪಿಸುವುದಕ್ಕೆ ಅವರ ಮನೆಗೆ ಹೋದೆ. ಹೋದೆ ಎಂದರೆ... ರಸ್ತೆಯವರೆಗೆ ಹೋದೆ.

ಕರೆದಾಗ ಗಿರಿಜೆ ಓಡಿ ಬಂದು, “ಅಪ್ಪಯ್ಯ ಒಳ್ಗಿದ್ರ್, ಬನ್ನಿ ಟೀಚರೇ” ಅಂದಳು. ಅವರನ್ನೇ ಇಲ್ಲಿಗೆ ಬರಹೇಳು ಅಂದೆ.

ಐದು ನಿಮಿಷ ಕಾದೆ. ಗಡಂಗಿನ ಬೆಂಚಿನಲ್ಲಿದ್ದವರು ನನ್ನನ್ನೇ ನೋಡುತ್ತಿದ್ದರು. ದಾರಿಯಲ್ಲಿ ಹೋಗುವವರೂ ನೋಡುತ್ತಿದ್ದರು. ಹೊರಟುಬಿಟ್ಟೆ.

ಮರುದಿನ ಶಾಲೆಯ ದಾಖಲೆ ಪುಸ್ತಕದಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದೆ: ‘ಮನೆಗೆ ಭೇಟಿ ನೀಡಲಾಯಿತು. ಪೋಷಕರು ಒಪ್ಪಲಿಲ್ಲ.’ ಮಕ್ಕಳ ಕಾಪಿಯಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಹತ್ತು ಸಲ ಬರೆಯಿಸುತ್ತಿದ್ದವಳು ನಾನು.

ಇಷ್ಟೆಲ್ಲ ನೆನಪಾಗುತ್ತಿದ್ದಂತೆ ಕಾವಲುಗಾರನಿಗೆ ಗಿರಿಜೆಯ ಹೆಸರು ಹೇಳಿದೆ. ಅವನು ಗಡಬಡಿಸಿ ಬಾಗಿಲು ತೆರೆದ. ಈ ಸಲ ರಸ್ತೆಯಲ್ಲಿ ನಿಲ್ಲಲಿಲ್ಲ.

ಒಳಗೆ ಅರೆಗತ್ತಲು. ಲೋಕಲ್ ಟ್ರೇನ್ ಹಾದುಹೋದಾಗಲೆಲ್ಲ ತಲೆಕೆಳಗಾಗಿ ತೂಗುಹಾಕಿದ ಗ್ಲಾಸುಗಳು ಕಿಣಿಕಿಣಿ ಎನ್ನುತ್ತವೆ. ಮೂಲೆಯ ಎರಡು ಮೇಜುಗಳಲ್ಲಿ ಆಫೀಸಿನವರಂತೆ ಕಾಣುವ ಕೆಲವರು ಕುಳಿತಿದ್ದಾರೆ. ಯಾರೂ ನನ್ನತ್ತ ತಿರುಗಿ ನೋಡುವುದಿಲ್ಲ.

ಗಲ್ಲಾದಿಂದ ಎದ್ದು ಬಂದ ಗಿರಿಜೆಯ ಕೂದಲೂ ನರೆತಿದೆ. “ಬಂದೇ ಬಿಟ್ರಿ ಅಲ್ದಾ? ರಸ್ತೆಗ್ ಬಪ್ಪುಕೆ ಅಂದೇಳಿ ನಾನ್ ಚಪ್ಪಲ್ ಹಾಯ್ಕಂಡೇ ಕೂತಿದ್ದೆ” ಎಂದು ನಗುತ್ತಾಳೆ.

ಸ್ಟೇಷನ್ ಹೊರಗಿನ ಗಾಡಿಯಿಂದ ತರಿಸಿಟ್ಟಿದ್ದ ಎಳನೀರನ್ನು ಹಿಡಿಕೆಯಿರುವ ದೊಡ್ಡ ಬಿಯರ್ ಗ್ಲಾಸಿಗೆ ಬಗ್ಗಿಸಿ ನನ್ನ ಮುಂದಿಟ್ಟಳು. “ಬೊಂಡದ್ ನೀರೇ ಕಾಣಿ. ಗ್ಲಾಸ್ ಎರಡ್ ಸಲ ತೊಳ್ದಿದ್ದೆ, ಹೆದ್ರ್‌ಬೇಡಿ.”

ನಾನು ಗ್ಲಾಸನ್ನು ಮುಟ್ಟುವ ಮೊದಲೇ ಅವಳ ನಗು ನಿಂತಿತು.

“ಟೀಚರೇ, ಅವತ್ತ್ ಎಂತಕ್ಕೆ ಒಳ್ಗ್ ಬರ್ಲಿಲ್ಲ?”

ಬಸ್ಸಿಗೆ ಹೊತ್ತಾಗಿತ್ತು ಎನ್ನಬಹುದಿತ್ತು. ಆ ಸಂಜೆ ಕೊನೆಯ ಬಸ್ಸು ಇದ್ದದ್ದೂ ನಿಜ. ಆ ವಾಕ್ಯ ನಾಲಗೆಯ ತುದಿಯವರೆಗೆ ಬಂದಿತ್ತು...

“ಗಡಂಗಿನ ಒಳಗೆ ಹೋದದ್ದನ್ನು ಯಾರಾದರೂ ಕಂಡರೆ ನನ್ನ ಮರ್ಯಾದೆ ಹೋಗ್ತದೆ ಅಂತ ಹೆದರಿದೆ ಗಿರಿಜೆ. ಬೇರೆ ಕಾರಣ ಇರಲಿಲ್ಲ” ಎಂದೆ.

ಒಂದು ಟ್ರೇನ್ ಹಾದುಹೋಯಿತು. ಗ್ಲಾಸುಗಳ ಸದ್ದು ಅಡಗಿದ ಮೇಲೆ ಅವಳೆಂದಳು:

“ನಂಗೆ ಗೊತ್ತಿತ್ತ್. ಬಸ್ಸಿನ್ ಕಥಿ ಹೇಳ್ತ್ರಿ ಅಂದ್ಕಂಡಿದ್ದೆ.”

ಆಮೇಲೆ, ನನಗೆ ತಿಳಿಯದಿದ್ದ ಆ ಐದು ನಿಮಿಷಗಳನ್ನು ಹೇಳಿದಳು.

ಟೀಚರ್ ಬಂದಿದ್ದಾರೆಂದು ಅವಳ ತಂದೆ ಒಳಕೋಣೆಯಲ್ಲಿ ಚಾಪೆ ಹಾಸಿದರು. ಪೆಟ್ಟಿಗೆಯಿಂದ ಒಗೆದ ಅಂಗಿ ತೆಗೆದು ತೊಟ್ಟರು. ಗಡಂಗಿನ ಲೋಟದಲ್ಲಿ ಕೊಟ್ಟರೆ ನಾನು ಕುಡಿಯಲಾರೆನೆಂದು ಬೊಂಡ ಕೆತ್ತಿ, ಅದನ್ನು ಹಾಗೇ ಎರಡೂ ಕೈಗಳಲ್ಲಿ ಹಿಡಿದುಕೊಂಡು ರಸ್ತೆಗೆ ಬಂದರು. ರಸ್ತೆಯಲ್ಲಿ ನಾನಿರಲಿಲ್ಲ.

“ಅಪ್ಪಯ್ಯ ಎಂತ ಹೇಳಿರ್ ಗೊತ್ತಿತ್ತಾ? ‘ಏಳ್ ವರ್ಷ ಕಲ್ಸಿದ್ ಟೀಚರೇ ನಮ್ಮನಿ ಒಳ್ಗ್ ಬತ್ತಿಲ್ಲ. ಗುರ್ತ್ ಇಲ್ದಿದ್ ಹೈಸ್ಕೂಲಲ್ಲಿ ನಿನ್ನ ಯಾರ್ ಮಾತಾಡ್ಸ್ತ್ರ್ ಹೆಣ್ಣೇ?’ ಅಂದ್ರ್. ಅಷ್ಟೇ. ಮತ್ತೆ ನಾನೂ ಕೇಣ್ಲಿಲ್ಲ.”

ಪೋಷಕರು ಒಪ್ಪಲಿಲ್ಲ ಎಂದು ಬರೆದಿದ್ದೆನಲ್ಲ... ಅವರನ್ನು ನಾನು ಕೇಳಿಯೇ ಇರಲಿಲ್ಲ.

ಅವಳ ಮುಖ ನೋಡಲಾರದೆ ಗಲ್ಲಾದತ್ತ ತಿರುಗಿದೆ. ಗಲ್ಲಾದ ಹಿಂದಿನ ಗೋಡೆಯಲ್ಲಿ, ತರಬೇಕಾದ ಸಾಮಾನಿನ ಪಟ್ಟಿ ಅಂಟಿಸಿತ್ತು. ನಿಂಬೆಹಣ್ಣು, ಪುದೀನ, ಐಸ್... ಎಲ್ಲವೂ ಕನ್ನಡದಲ್ಲಿ, ನಾನು ಕಲಿಸಿದ ದುಂಡಗಿನ ಅಕ್ಷರದಲ್ಲಿ. ತಿದ್ದಬೇಕಾದ ಒಂದು ಅಕ್ಷರವೂ ಅಲ್ಲಿರಲಿಲ್ಲ.

ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಗ್ಲಾಸನ್ನು ನನ್ನ ಹತ್ತಿರಕ್ಕೆ ಸರಿಸಿದಳು.

“ಮೊದ್ಲ್ ಕುಡಿನಿ. ಅಪ್ಪಯ್ಯನ್ ಬೊಂಡ ಹಾಳಾಯ್ತ್. ಇದಾರೂ ಹಾಳಾಪ್ದ್ ಬ್ಯಾಡ.”

ಕುಡಿದೆ. ಒಂದು ಹನಿಯನ್ನೂ ಉಳಿಸಲಿಲ್ಲ.

ನಿವೃತ್ತಿಯ ದಿನ ನನ್ನ ದಾಖಲೆ ಪುಸ್ತಕಗಳು ಎಷ್ಟು ಅಚ್ಚುಕಟ್ಟು ಎಂದು ವೇದಿಕೆಯಲ್ಲಿ ಹೊಗಳಿದ್ದರು. ನಾನು ಅದನ್ನು ಒಪ್ಪಿ, ತಲೆಯಾಡಿಸಿ ಕುಳಿತಿದ್ದೆ.

ಶಿಕ್ಷಕ ಮಿತ್ರರೇ, ‘ಭೇಟಿ ನೀಡಲಾಯಿತು’ ಎಂದು ನೀವು ಬರೆದಿಟ್ಟ ಮನೆಗಳಲ್ಲಿ ಎಷ್ಟು ಮನೆಯ ಹೊಸ್ತಿಲನ್ನು ನಿಜವಾಗಿ ದಾಟಿದ್ದೀರಿ?