ಚೊಗರಿನ ಬಣ್ಣದ ಸ್ಟೂಲು

ನಾನು ಬಡಗಿಯಲ್ಲ, ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಗರಗಸ ಹಿಡಿದವನು. ಈ ಮಾತನ್ನು ನಾನೇ ಹೇಳಬಹುದು. ಬೇರೆಯವರು ಹೇಳಿದರೆ ಮೈ ಉರಿಯುತ್ತದೆ.

ಭದ್ರಾವತಿಯಲ್ಲಿ ಅಕ್ಕನ ಜೊತೆಗಿದ್ದ ಅಮ್ಮ ಈಚೆಗೆ ಶಿವಮೊಗ್ಗಕ್ಕೆ, ಗೋಪಾಳದ ನಮ್ಮ ಮನೆಗೆ ಬಂದಳು. ಅಲ್ಲಿ ಒಂದು ಗಿಡ್ಡ ಸ್ಟೂಲಿನ ಮೇಲೆ ತಾನೇ ಕೂತು ತಾನೇ ಏಳುತ್ತಿದ್ದವಳು ಇಲ್ಲಿ ಸೋಫಾದಲ್ಲಿ ಹೂತುಹೋಗುತ್ತಿದ್ದಳು. ಪ್ರತಿಸಲವೂ ಯಾರಾದರೂ ಕೈ ಕೊಡಬೇಕು. "ಇನ್ನೊಬ್ಬರ ಕೈ ಹಿಡಿದು ಕೂರೋಕಿಂತ ನಿಂತೇ ಇರ್ತೀನಿ ಬಿಡು" ಅಂದಳು ಒಂದು ದಿನ. ನನಗೆ ಸಂಕಟವಾಯಿತು. ಅಂಥದ್ದೇ ಸ್ಟೂಲು ಮಾಡಿಕೊಡ್ತೀನಿ ಅಂದೆ.

"ಬಣ್ಣಾನೂ ಅದೇ ಇರಲಿ. ಚೊಗರಿನ ಬಣ್ಣ" ಅಂದಳು.

ಅಡಿಕೆ ಬೇಯಿಸಿ ಉಳಿದ ಕೆಂಪು ನೀರೇ ಚೊಗರು. ಪರಿಚಯದವರ ತೋಟದಿಂದ ಒಂದು ಕ್ಯಾನು ತಂದು, ಗಟ್ಟಿಯಾಗಲೆಂದು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದೆ. ಕೆಂಪೆಲ್ಲ ಹೋಗಿ ಮಸಿಯಂತಾಯಿತು. ಅದನ್ನು ಹಚ್ಚಿದ ಹಲಸಿನ ಮರದ ತುಂಡನ್ನು ಚೀಲಕ್ಕೆ ಹಾಕಿಕೊಂಡು ಭದ್ರಾವತಿ ಬಸ್ಸು ಹತ್ತಿದೆ.

ಅಕ್ಕ ಬಿದ್ದು ಬಿದ್ದು ನಕ್ಕಳು. "ಕಬ್ಬಿಣದ ಊರಲ್ಲಿ ಹುಟ್ಟಿ ಇಷ್ಟೂ ಗೊತ್ತಿಲ್ವಲ್ಲೋ! ಸ್ಟೀಲ್ ಪಾತ್ರೇಲಿ ಕುದಿಸು. ಇಲ್ಲಾಂದ್ರೆ ಈ ಸ್ಟೂಲನ್ನೇ ತಗೊಂಡು ಹೋಗು ಮಾರಾಯ."

"ಬೇಡ. ನಾನೇ ಮಾಡ್ತೀನಿ ಅಂದ್ಮೇಲೆ ಮಾಡ್ತೀನಿ."

ಅವಳ ಮನೆಯ ಬಿಳಿ ಮೊಸಾಯಿಕ್ ನೆಲದ ಮೇಲೆ ಆ ಹಳೇ ಸ್ಟೂಲು ಎದ್ದು ಕಾಣುತ್ತಿತ್ತು. ಫೋಟೋದಲ್ಲಿ ಬಣ್ಣ ಸರಿಯಾಗಿ ಬರಲಿಲ್ಲವೆಂದು ಇನ್ನೂ ಎರಡು ಸಲ ಹೋಗಿ, ಸ್ಟೀಲ್ ಪಾತ್ರೆಯ ಚೊಗರು ಹಚ್ಚಿದ ಹೊಸ ತುಂಡುಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿ ಬಂದೆ. ಕೊನೆಗೆ ನಾನು ಮಾಡಿದ ಸ್ಟೂಲಿಗೆ ಐದನೇ ಕೋಟು ಹಚ್ಚಿದಾಗ ಬಣ್ಣ ಕೂತಿತು. ನನಗಂತೂ ಸ್ವರ್ಗ ಮೂರೇ ಗೇಣು!

ಸ್ಟೂಲನ್ನು ನಮ್ಮ ನಡುಮನೆಯ ಕೆಂಪು ರೆಡಾಕ್ಸೈಡ್ ನೆಲದ ಮೇಲಿಟ್ಟೆ. "ನೆಲಕ್ಕೂ ಇದಕ್ಕೂ ಎಷ್ಟು ಚೆನ್ನಾಗಿ ಮ್ಯಾಚ್ ಆಗಿದೆ ನೋಡ್ರಿ" ಎಂದು ನನ್ನ ಹೆಂಡತಿಯೂ ಹೊಗಳಿದಳು. ಅಮ್ಮನನ್ನು ಕರೆದೆ. ಬಂದಳು. ನಿಂತಳು. ಬಲಗಾಲನ್ನು ಮೆಲ್ಲಗೆ ನೆಲದ ಮೇಲೆ ಆಡಿಸಿದಳು.

"ಎಲ್ಲಿಟ್ಟಿದ್ದೀಯೋ?"

ಸ್ಟೂಲು ಅವಳ ಮುಂದೆಯೇ, ಎರಡು ಹೆಜ್ಜೆಯಲ್ಲಿತ್ತು. "ಕಣ್ಣು ಕಾಣಲ್ವಾ?" ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅರ್ಥವಾಯಿತು. ಕಣ್ಣಿನ ಡಾಕ್ಟರ ಹೆಸರೆತ್ತಿದರೆ ಅಮ್ಮ ಕೆಂಡವಾಗುತ್ತಿದ್ದಳು, ನನಗೆಲ್ಲ ಚೆನ್ನಾಗೇ ಕಾಣುತ್ತೆ ಅನ್ನುತ್ತಿದ್ದಳು. ಅವಳಿಗೆ ಕೆಂಪು ನೆಲದ ಮೇಲಿನ ಕೆಂಪು ಸ್ಟೂಲು ಇಲ್ಲವೇ ಇಲ್ಲ. ಮೂರು ಸಲ ಭದ್ರಾವತಿಗೆ ಹೋಗಿ ನಾನು ನೋಡಿದ್ದು ಸ್ಟೂಲನ್ನು ಮಾತ್ರ, ಅದರ ಕೆಳಗಿನ ನೆಲವನ್ನಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

"ಸ್ವಲ್ಪ ಕೆಲಸ ಬಾಕಿ ಇದೆಯಮ್ಮ, ಒಳಗೇ ಇದೆ" ಎಂದು ಸುಳ್ಳು ಹೇಳಿ, ಸದ್ದಾಗದಂತೆ ಅದನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದೆ.

ಎರಡು ದಿನ ಉಪ್ಪುಕಾಗದ ಹಿಡಿದು ಉಜ್ಜಿದೆ. ಐದು ಕೋಟೂ ಹೋಗಿ ಹಲಸಿನ ಹಳದಿ ಹೊರಬಂತು. ಮತ್ತೆ ಅದೇ ಜಾಗದಲ್ಲಿಟ್ಟು, ಪೇಪರ್ ಓದುವವನ ಹಾಗೆ ಸೋಫಾದಲ್ಲಿ ಕೂತೆ.

ಅಮ್ಮ ಅಡುಗೆಮನೆಯಿಂದ ಬಂದಳು. ನೇರ ನಡೆದು, ಯಾರ ಕೈಯನ್ನೂ ಹಿಡಿಯದೆ, ಸ್ಟೂಲಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು. ಆಮೇಲೆ ಬಗ್ಗಿ ಅದರ ಅಂಚು ನೋಡಿದಳು.

"ಇಷ್ಟು ದಿನ ಆಯ್ತು, ಇನ್ನೂ ಬಣ್ಣಾನೇ ಹಚ್ಚಿಲ್ವಲ್ಲೋ, ಸೋಮಾರಿ!"

"ಹಚ್ತೀನಮ್ಮ" ಅಂದೆ. ಇವತ್ತಿಗೂ ಹಚ್ಚಿಲ್ಲ. ದಿನಾ ಬೈಸಿಕೊಳ್ಳುತ್ತೇನೆ.