ಮಾತ್ರೆಯ ಪಥ್ಯ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನರ್ಸಾಗಿ ಮನೆಮನೆ ತಿರುಗುತ್ತಿದ್ದೆ. ಬೆಳಗಿನ ಮೊದಲ ಬಸ್ಸು, ಅದೇ ದಾರಿ, ಅದೇ ಸರದಿಯ ಮನೆಗಳು. ತರಬೇತಿಯ ಹಾಸ್ಟೆಲಿನಲ್ಲಿ ಬಿದ್ದ ಅಭ್ಯಾಸ. ಮೈ ಸೋತ ದಿನವೂ ಕಾಲು ತಾನಾಗಿ ನಡೆಯುತ್ತಿತ್ತು. ನನ್ನನ್ನು ದಣಿಸುತ್ತಿದ್ದದ್ದು ಮಾತು. ಕ್ಷಯ ಇರುವವರನ್ನು ಅವರ ಕೆಮ್ಮೇ ಮಾತ್ರೆಗೆ ಒಪ್ಪಿಸುತ್ತಿತ್ತು. ಕಾಯಿಲೆಯೇ ಕಾಣದ ಮಗುವಿಗೆ ತಿಂಗಳುಗಟ್ಟಲೆ ಮಾತ್ರೆ ಕೊಡಿ ಎಂದು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು.

ಯಲ್ದೂರಿನ ಹತ್ತಿರ ಒಂದು ಮನೆಯ ಯಜಮಾನರಿಗೆ ಕಫದಲ್ಲಿ ಕ್ಷಯ ಕಂಡಿತ್ತು. ಅವರ ಮೂರು ವರ್ಷದ ಹೆಣ್ಣುಮಗು ಚೆನ್ನಾಗಿಯೇ ಇತ್ತು. ಆದರೆ ಪರೀಕ್ಷೆಗೆಂದು ಮುಂಗೈಗೆ ಚುಚ್ಚಿದ ಜಾಗ ದಪ್ಪಗೆ ಊದಿಕೊಂಡಿತು. ಕ್ರಿಮಿ ಒಳಗೆ ಹೊಕ್ಕು ಮಲಗಿದೆ, ಅದು ಏಳುವ ಮೊದಲೇ ಮಾತ್ರೆ ಶುರುವಾಗಬೇಕು ಎಂದರು ಡಾಕ್ಟರು. ತಾಯಿ ಇಡೀ ದಿನ ಹಿಪ್ಪುನೇರಳೆ ತೋಟದಲ್ಲಿ. ಮಗು ಬೆಳೆಯುತ್ತಿದ್ದದ್ದು ಅಜ್ಜಿಯ ಕೈಯಲ್ಲಿ. ಅವರಿಗೆ ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಹೇಳಿದೆ. ದಿನಾ ಬೆಳಿಗ್ಗೆ ಮಾತ್ರೆ ಅರೆದು ಕುಡಿಸುತ್ತೇನೆಂದು ಒಪ್ಪಿದರು. ಮಾತಿಗೆ ತಪ್ಪಲೂ ಇಲ್ಲ.

ಆದರೂ ಮಗು ಸೊರಗತೊಡಗಿತು. ಬರುಬರುತ್ತಾ ಪಕ್ಕೆಲುಬು ಕಾಣಿಸಿತು. ಕೆಮ್ಮಿಲ್ಲ, ಜ್ವರವಿಲ್ಲ. ಮಲಗಿದ್ದದ್ದು ಎದ್ದಿತೇ ಎಂದು ನನಗೆ ಭಯ. ಕೋಲಾರಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿ ಎಂದರು ಡಾಕ್ಟರು. ಅದನ್ನು ತಿಳಿಸಲು ಹೊರಟ ದಿನ ಬಸ್ಸು ಕೆಟ್ಟು, ಎಂದೂ ಇಲ್ಲದಂತೆ ಊಟದ ಹೊತ್ತಿಗೆ ಆ ಮನೆ ಸೇರಿದೆ.

ಮಾವಿನ ಕಾಲ. ಜಗುಲಿಯ ಮೇಲೆ ಮನೆಯ ದೊಡ್ಡ ಮಕ್ಕಳು ಮೊಣಕೈವರೆಗೂ ರಸ ಸುರಿಸಿಕೊಂಡು ವಾಟೆ ಚೀಪುತ್ತಿದ್ದರು. ಈ ಮಗು ಗೋಡೆಗೆ ಒರಗಿ ನೋಡುತ್ತಿತ್ತು. ಅದರ ತಟ್ಟೆಯಲ್ಲಿ ಉಪ್ಪು ಹಾಕಿದ ಗಂಜಿ ಬಿಟ್ಟರೆ ಬೇರೇನೂ ಇಲ್ಲ.

ಯಾಕೆಂದು ಕೇಳಿದೆ. ಔಷಧಿ ಅಂದ ಮೇಲೆ ಪಥ್ಯ ಬೇಡವೇ ಎಂದರು ಅಜ್ಜಿ. ಮೊಟ್ಟೆ, ಮೊಸರು, ಬೇಳೆ, ಹಣ್ಣು, ಎಲ್ಲವನ್ನೂ ಮೊದಲ ಮಾತ್ರೆಯ ದಿನವೇ ನಿಲ್ಲಿಸಿದ್ದರು. ಮಗು ಒಂದೇ ಬಿಡಬಾರದೆಂದು ತಾವೂ ಬಿಟ್ಟಿದ್ದರು. ಈ ಮಾತ್ರೆಗೆ ಪಥ್ಯವಿಲ್ಲ ಎಂದೆ.

"ಸೀಕಿಲ್ಲ ಅಂತೀಯ, ಔಷಧಿ ಕೊಡ್ತೀಯ. ಔಷಧಿ ಅಂತೀಯ, ಪಥ್ಯ ಇಲ್ಲ ಅಂತೀಯ. ಪಥ್ಯ ಇಲ್ದಿದ್ರೆ ಅದು ಔಷಧೀನೇ ಅಲ್ಲ ಕಣಮ್ಮ, ಸುಣ್ಣದ ಬಿಲ್ಲೆ. ನಾಳೆಯಿಂದ ಯಾಕೆ ಕುಡಿಸ್ಲಿ?"

ಪಥ್ಯ ಬಿಡಿಸಿದರೆ ಮಾತ್ರೆ ನಿಲ್ಲುತ್ತದೆ. ಪಥ್ಯ ಮುಂದುವರಿದರೆ ಮಗು ಉಳಿಯುವುದಿಲ್ಲ. ವಾದಿಸುವ ಶಕ್ತಿ ನನ್ನಲ್ಲಿರಲಿಲ್ಲ. ಜಗುಲಿಯ ಮೇಲೆ ಕುಳಿತು ನೀರು ಕೇಳಿ ಕುಡಿದೆ.

"ಆಯ್ತು ಅಜ್ಜಿ, ಪಥ್ಯ ಐತೆ. ಈ ಮಾತ್ರೆ ಪಥ್ಯಾನೇ ಬೇರೆ. ದಿನಾ ಒಂದು ಮೊಟ್ಟೆ. ಮಧ್ಯಾಹ್ನ ಮುದ್ದೆ, ಬೇಳೆ ಸಾರು. ಮಾವು ಮುಗಿಯೋವರ್ಗೂ ಹಣ್ಣು. ತಪ್ಪಿಸಿದ್ರೆ ಮಾತ್ರೆ ಹಿಡಿಯಲ್ಲ."

ಅಜ್ಜಿ ನನ್ನ ಮುಖವನ್ನೇ ನೋಡಿದರು.

"ಮೊದ್ಲೇ ಹೇಳ್ಬಾರ್ದಿತ್ತಾ ನರ್ಸಮ್ಮ? ಜೊತೇಲಿ ಪಥ್ಯ ಮಾಡೋರ್ಗೂ ಇದೇನಾ?"

ಅವರಿಗೂ ಇದೇ ಎಂದೆ. ಅಜ್ಜಿ ಒಂದು ಹಣ್ಣನ್ನು ಹಿಸುಕಿ ಮೆತ್ತಗೆ ಮಾಡಿ, ತೊಟ್ಟು ಕಿತ್ತು, ಮಗುವಿನ ಕೈಗಿಟ್ಟರು.

ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಹಣ್ಣಿನ ಕಾಲ ಮುಗಿಯುವ ಹೊತ್ತಿಗೆ ಮಗುವಿನ ಕೆನ್ನೆ ತುಂಬಿತ್ತು. ಮಾತ್ರೆಯೂ ಕೊನೆಯವರೆಗೆ ನಡೆಯಿತು. ಮುಂದೆ ಪಕ್ಕದ ಮನೆಯ ಮಗುವಿಗೂ ಅದೇ ಮಾತ್ರೆ ಕೊಡಬೇಕಾಗಿ ಬಂದಾಗ, ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಅಲ್ಲಿ ಕುಳಿತು ಪಥ್ಯ ಹೇಳುತ್ತಿದ್ದರು. ಆ ದಿನ ನಾನು ಚೀಲ ಪಕ್ಕಕ್ಕಿಟ್ಟು, ಬಸ್ಸಿನ ಹೊತ್ತಿನವರೆಗೂ ಆ ಮನೆಯ ಜಗುಲಿಯ ಮೇಲೆ ಸುಮ್ಮನೆ ಕುಳಿತಿದ್ದೆ.