ಮಂಜುನಾಥಪ್ಪನ ವೆಬ್‌ಸೈಟಿಗೆ ಬಂದ ಮುಯ್ಯಾಳು

ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ಮಿಕ್ಸಿ ರಿಪೇರಿ ಮಾಡುವ ಮಂಜುನಾಥಪ್ಪನಿಗೆ ಐವತ್ತಾರು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ಕಳೆದದ್ದು ಬೇರೆಯವರ ಮಿಕ್ಸಿಗಳ ಹೊಟ್ಟೆಯೊಳಗೆ. ಯಾವ ಮೋಟಾರು ಎಷ್ಟು ದೋಸೆ ಹಿಟ್ಟಿಗೆ ಸುಸ್ತಾಗುತ್ತದೆ, ಯಾವುದರ ಜಾರು ಆರನೇ ತಿಂಗಳಿಗೆ ಸೋರುತ್ತದೆ, ಯಾವುದು ಜಾಹೀರಾತಿನಲ್ಲಿ ಅರಿಶಿನದ ಕೊಂಬನ್ನೇ ಪುಡಿ ಮಾಡಿ ಮನೆಗೆ ಬಂದ ಮೇಲೆ ಒಣಮೆಣಸಿಗೇ ಏದುಸಿರು ಬಿಡುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಮದುವೆಯ ತಾರೀಕು ಮಾತ್ರ ಕೇಳಬೇಡಿ. ಅದಕ್ಕೆ ಹೆಂಡತಿಯನ್ನೇ ಕರೆಯುತ್ತಾನೆ.

ಕಳೆದ ವರ್ಷ ಅವನ ಬಲಗೈ ನಡುಗತೊಡಗಿತು. ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವುದೇ ಅವನ ಕಸುಬಿನ ಜೀವಾಳ. ಕೂದಲಿನಷ್ಟು ಸಣ್ಣ ಆ ತಂತಿ ಈಗ ಮೋಟಾರಿನ ಸಂದಿಯ ಹತ್ತಿರ ಹೋಗಿ ಅತ್ತಿತ್ತ ಓಲಾಡಿ ಹೊರಗೇ ಉಳಿಯುತ್ತಿತ್ತು. ಇದು ಹೆಚ್ಚಾಗದ ಹಾಗೆ ನೋಡಿಕೊಳ್ಳಬಹುದು, ಪೂರ್ತಿ ಹೋಗುವುದಿಲ್ಲ ಎಂದರು ಶಿವಮೊಗ್ಗದ ಡಾಕ್ಟರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಮಂಜುನಾಥಪ್ಪ ಆ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ಅವನಿಗೆ ಭಯವಾಗಿತ್ತು. ಕೈಯೇ ಹೋದ ಮೇಲೆ ತಲೆಯಲ್ಲಿರುವುದನ್ನು ಯಾರು ಕೇಳುತ್ತಾರೆ?

ಕೇಳಿದವಳು ಪಕ್ಕದ ಅಂಗಡಿಯ ಬಿಂದುಶ್ರೀ. ಜೆರಾಕ್ಸ್ ತೆಗೆದು, ಪಹಣಿ, ಜಾತಿ ಸರ್ಟಿಫಿಕೇಟುಗಳ ಅರ್ಜಿ ತುಂಬಿಕೊಡುವ ಹುಡುಗಿ. ಹುಡುಗಿ ಎಂದರೆ ಮೂವತ್ತೆರಡು ವರ್ಷ, ಎರಡು ಮಕ್ಕಳ ತಾಯಿ. ಸಾಗರದಲ್ಲಿ ಎರಡು ದಿನದ ತರಬೇತಿಯೊಂದಕ್ಕೆ ಹೋಗಿಬಂದವಳೇ ಅವನ ಮುಂದೆ ಸ್ಟೂಲು ಎಳೆದು ಕೂತಳು.

"ಮಂಜಣ್ಣ, ನಿಮ್ ತಲೇಲಿ ಇರೋದನ್ನ ಒಂದು ವೆಬ್‌ಸೈಟಲ್ಲಿ ಹಾಕಣ. ಯಾವ ಮಿಕ್ಸಿ ಒಳ್ಳೇದು, ಯಾವ್ದು ಬೇಡ ಅಂತ ನೀವು ಹೇಳಿ, ನಾ ಬರೀತೀನಿ. ಕೆಳಗೊಂದು ಲಿಂಕ್ ಇರ್ತದೆ. ಓದಿದೋರು ಅದನ್ನ ಒತ್ತಿ, ಆನ್‌ಲೈನಲ್ಲಿ ಮಾರೋ ಕಂಪನಿಯಿಂದ ತಗೊಂಡ್ರೆ ನಿಮಗೆ ಕಮಿಷನ್."

"ಮಿಕ್ಸಿ ಯಾರ್ದು?"

"ಕಂಪನೀದು."

"ಕೊಳ್ಳೋರು?"

"ಯಾರೋ. ಎಲ್ಲಿಯೋರೋ."

"ಮತ್ತೆ ನಾನ್ಯಾರು ಅದ್ರಲ್ಲಿ?"

ಬಿಂದುಶ್ರೀ ಸ್ವಲ್ಪ ಯೋಚಿಸಿ, "ನೀವು ಹೇಳೋರು" ಎಂದಳು. ಹೇಳುವುದಕ್ಕೂ ದುಡ್ಡು ಕೊಡುತ್ತಾರೆ ಎಂಬುದು ಅವನಿಗೆ ಅರ್ಥವಾಗಲಿಲ್ಲ. ಮೂವತ್ತೊಂದು ವರ್ಷ ಅದನ್ನು ಅವನು ಬಿಟ್ಟಿಯಾಗಿಯೇ ಹೇಳುತ್ತ ಬಂದಿದ್ದ.

ಅಂತೂ ವೆಬ್‌ಸೈಟು ಎದ್ದಿತು. ಅದಕ್ಕೊಂದು ಹೆಸರನ್ನು ವರ್ಷದ ಬಾಡಿಗೆಗೆ ತಗೊಳ್ಳಬೇಕಂತೆ, ಆಮೇಲೆ ಅದನ್ನು ಇಡಲು ಜಾಗವನ್ನೂ ಬಾಡಿಗೆಗೆ ಹಿಡಿಯಬೇಕಂತೆ. ಜಾಗ ಎಲ್ಲಿದೆ ಎಂದು ಕೇಳಿದ್ದಕ್ಕೆ ಬಿಂದುಶ್ರೀ ಸಿಂಗಾಪುರ ಇರಬಹುದು ಎಂದಳು. ತನ್ನ ಮಾತನ್ನು ಸಿಂಗಾಪುರದಲ್ಲಿಟ್ಟು ಹೊಸನಗರದಲ್ಲಿ ಓದುವ ಈ ವ್ಯವಸ್ಥೆಯನ್ನು ಅವನು ಹೆಂಡತಿಗೆ ವಿವರಿಸಲು ಹೋಗಿ, ನಡುವೆಯೇ ಕೈಬಿಟ್ಟ.

ಲಿಂಕಿನಿಂದ ನಮಗೆ ಕಮಿಷನ್ ಬರುತ್ತದೆ ಎಂದು ಓದುವವರಿಗೆ ಹೇಳಿಬಿಡಬೇಕು ಎಂಬ ನಿಯಮ ಮಾತ್ರ ಅವನಿಗೆ ತುಂಬ ಹಿಡಿಸಿತು. ಅದನ್ನು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಹಾಕಿಸಿದ. ಜೊತೆಗೆ, "ಹಳೇ ಮಿಕ್ಸಿ ರಿಪೇರಿ ಆಗುತ್ತದೋ ಮೊದಲು ನೋಡಿ, ಆಮೇಲೆ ಹೊಸದು ತಗೊಳ್ಳಿ" ಎಂದೂ ಸೇರಿಸಿದ. ಬಿಂದುಶ್ರೀ ತಲೆ ಚಚ್ಚಿಕೊಂಡಳು.

"ಹಿಂಗೆ ಬರೆದ್ರೆ ಯಾರು ಒತ್ತುತಾರೆ ಮಂಜಣ್ಣ?"

"ಸುಳ್ಳು ಹೇಳಕ್ಕಾಗ್ತದಾ?"

ಜನ ಬಂದರು. ದಿನಕ್ಕೆ ನಲವತ್ತು, ಐವತ್ತು. ಗದಗ, ಕೋಲಾರ, ಒಂದು ದಿನ ದುಬೈ. ಯಾರು ಎಷ್ಟು ನಿಮಿಷ ಓದಿದರು ಎಂಬುದನ್ನೂ ಕಂಪ್ಯೂಟರು ತೋರಿಸುತ್ತಿತ್ತು. ನಾಲ್ಕು ನಿಮಿಷ ಓದಿ ಹೋದವನೊಬ್ಬನ ಬಗ್ಗೆ ಮಂಜುನಾಥಪ್ಪ ಇಡೀ ದಿನ ತಲೆಕೆಡಿಸಿಕೊಂಡ. ಮನೆಗೆ ಬಂದು ಜಗಲಿಯಲ್ಲಿ ಕೂತು, ನೀರೂ ಕುಡಿಯದೆ ಎದ್ದುಹೋದ ಹಾಗೆ. ಏನು ಬೇಜಾರಾಯಿತೋ? ಹೀಗೆ ಐದು ತಿಂಗಳು ಕಳೆದರೂ ಮಾರಾಟ ಮಾತ್ರ ಸೊನ್ನೆ.

ಅದು ಬರಿಯ ಬೇಜಾರಿನ ವಿಷಯವಾಗಿರಲಿಲ್ಲ. ಆರು ತಿಂಗಳೊಳಗೆ ಹತ್ತು ಮಾರಾಟ ಆಗದಿದ್ದರೆ ಕಂಪನಿ ಅವನ ಕಮಿಷನ್ ಖಾತೆಯನ್ನು ಮುಚ್ಚುತ್ತದೆ, ಒಮ್ಮೆ ಮುಚ್ಚಿದರೆ ಮತ್ತೆ ಕೊಡುವುದಿಲ್ಲ. ಬೇರೆ ಎರಡು ಕಂಪನಿಗಳು ಕನ್ನಡದ ವೆಬ್‌ಸೈಟು ಬೇಡ ಎಂದು ಆಗಲೇ ಬಾಗಿಲು ಹಾಕಿಬಿಟ್ಟಿದ್ದವು. ಕೈ ನಡುಗುವ ರಿಪೇರಿಯವನಿಗೆ ಉಳಿದಿದ್ದ ದಾರಿ ಇದೊಂದೇ. ಅವನು ಈ ಸಂಕಟವನ್ನು ಹೇಳಿಕೊಂಡದ್ದು ಕನ್ನಮ್ಮನ ಹತ್ತಿರ.

ಕನ್ನಮ್ಮ ನಿಟ್ಟೂರಿನವಳು. ಬಸ್‌ಸ್ಟ್ಯಾಂಡಿನ ಎದುರು ಹದಿನೆಂಟು ವರ್ಷದಿಂದ ಸಣ್ಣ ಹೋಟೆಲು ನಡೆಸುತ್ತಿದ್ದಾಳೆ. ಅವಳ ಮಿಕ್ಸಿಯ ಮೋಟಾರನ್ನು ಮಂಜುನಾಥಪ್ಪ ಐದು ಸಲ ಸುತ್ತಿಕೊಟ್ಟಿದ್ದ, ಗಂಡ ತೀರಿಕೊಂಡ ವರ್ಷ ಎರಡು ಸಲ ಕಾಸೇ ತಗೊಂಡಿರಲಿಲ್ಲ. ವೆಬ್‌ಸೈಟು, ಲಿಂಕು, ಖಾತೆ ಇವೇನೂ ಕನ್ನಮ್ಮನ ತಲೆಗೆ ಹೋಗಲಿಲ್ಲ. ಹತ್ತು ಜನ ಬೇಕು ಎಂಬುದೊಂದು ಹೋಯಿತು.

ಹತ್ತು ಜನರನ್ನು ಸೇರಿಸುವುದು ಅವಳಿಗೆ ಗೊತ್ತಿದ್ದ ವಿದ್ಯೆ. ನಿಟ್ಟೂರಿನ ಅವಳ ಕೇರಿಯಲ್ಲಿ ಭತ್ತದ ಸಸಿ ನೆಡುವ ನೆಟ್ಟಿಯ ಕಾಲಕ್ಕೆ ಕೂಲಿ ಕೊಟ್ಟು ಕರೆಯುವ ಪದ್ಧತಿಯೇ ಇರಲಿಲ್ಲ. ಇವತ್ತು ನಿನ್ನ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀನು. ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ಮಂಜುನಾಥಪ್ಪ ಮೂವತ್ತೊಂದು ವರ್ಷ ಎಲ್ಲರ ಮನೆಗೆ ದುಡಿದಿದ್ದಾನೆ, ಈಗ ಅವನ ಗದ್ದೆಗೆ ಇಳಿಯುವ ಸರದಿ ನಮ್ಮದು. ಕನ್ನಮ್ಮನ ಲೆಕ್ಕಾಚಾರ ಇಷ್ಟೇ. ಅದರಲ್ಲಿ ತಪ್ಪು ಹುಡುಕುವ ಮನುಷ್ಯ ಹೊಸನಗರದಲ್ಲಿ ಹುಟ್ಟಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಅವಳು ಜನ ಕಟ್ಟಿಕೊಂಡು ಬಿಂದುಶ್ರೀಯ ಅಂಗಡಿಗೆ ನುಗ್ಗಿದಳು. ನಿಟ್ಟೂರಿನಿಂದ ಹುಲಿಯಮ್ಮ, ಆಟೋದ ದುರ್ಗೇಶ, ಬೇಕರಿಯ ವೆಂಕಟ್ರಮಣ, ಹೀಗೆ. ತಾಳಗುಪ್ಪದ ತಂಗಿಯೂ ತೀರ್ಥಹಳ್ಳಿಯ ನಾದಿನಿಯೂ ಫೋನಿನಲ್ಲೇ ವಿಳಾಸ ಹೇಳಿದರು. ಕೆಲವರು ಮಿಕ್ಸಿ, ಕೆಲವರು ಬರೀ ಜಾರು. ಎಲ್ಲರ ಆರ್ಡರನ್ನೂ ಬಿಂದುಶ್ರೀ ತನ್ನ ಒಂದೇ ಕಂಪ್ಯೂಟರಿನಲ್ಲಿ, ಒಂದೇ ಮಧ್ಯಾಹ್ನದಲ್ಲಿ, ಮಂಜುನಾಥಪ್ಪನ ಲಿಂಕು ಒತ್ತಿ ಒತ್ತಿ ಹಾಕಿದಳು.

ಸುದ್ದಿ ಕೇಳಿ ಮಂಜುನಾಥಪ್ಪನ ಕಣ್ಣು ತುಂಬಿಬಂತು. ಎರಡು ವಾರ ಅವನು ಹುಡುಗನ ಹಾಗೆ ಓಡಾಡಿದ. ಆಮೇಲೊಮ್ಮೆ ಚಹಾಕ್ಕೆಂದು ಕನ್ನಮ್ಮನ ಹೋಟೆಲಿಗೆ ಹೋದರೆ, ಹೊಸ ಮಿಕ್ಸಿಯ ಡಬ್ಬ ಅಂಟುಪಟ್ಟಿಯನ್ನೂ ಕೀಳದೆ ಅಟ್ಟದ ಮೇಲಿತ್ತು.

"ಯಾಕೆ ಬಿಚ್ಚಲಿಲ್ಲ ಕನ್ನಕ್ಕ?"

"ನೀ ಸುತ್ತಿಕೊಟ್ಟಿದ್ದು ಓಡ್ತಾ ಇದ್ಯಲ್ಲೋ. ಅದು ನಿಂತ್ಮೇಲೆ ಬಿಚ್ತೀನಿ."

ಅವನು ಚಹಾದ ಲೋಟವನ್ನು ಕೆಳಗಿಟ್ಟ. ಇರುವುದು ಓಡುತ್ತಿದ್ದರೆ ಹೊಸದು ಕೊಳ್ಳಬೇಡಿ ಎಂದು ಊರಿಗೆಲ್ಲ ಹೇಳಿದವನ ಹೆಸರಿನಲ್ಲಿ, ಬೇಡದ ಮಿಕ್ಸಿಯೊಂದು ಅಟ್ಟ ಹತ್ತಿ ಕೂತಿತ್ತು. ಸಂತೋಷಪಡಬೇಕೋ ನಾಚಿಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ.

ಅದೇ ವಾರ ಕಂಪನಿಯಿಂದ ಇಂಗ್ಲಿಷಿನ ಮೇಲ್ ಬಂತು. ಬಿಂದುಶ್ರೀ ಓದುತ್ತ ಓದುತ್ತ ಬಿಳಿಚಿಕೊಂಡಳು. ಹತ್ತೂ ಆರ್ಡರು ಒಂದೇ ಕಂಪ್ಯೂಟರಿನಿಂದ ಬಂದಿವೆ, ಖಾತೆದಾರರ ಪರಿಚಯದವರು ಕೊಂಡರೆ ಅದು ಮಾರಾಟವೇ ಅಲ್ಲ, ಖಾತೆ ತಡೆಹಿಡಿಯಲಾಗಿದೆ, ವಿಚಾರಣೆಗೆ ಕರೆ ಮಾಡುತ್ತೇವೆ.

"ಖಾತೆ ತೆರೆಯೋವಾಗ ಕೊಟ್ಟ ಆ ನಲವತ್ತು ಪುಟದ ನಿಯಮ ನಾನೂ ಓದಿರ್ಲಿಲ್ಲ ಮಂಜಣ್ಣ" ಎಂದು ಅವಳು ಅತ್ತೇಬಿಟ್ಟಳು.

ಮಂಜುನಾಥಪ್ಪನಿಗೆ ಸಿಟ್ಟು ಬರಲಿಲ್ಲ. ತಲೆ ಪೂರ್ತಿ ಕಲಸಿಹೋಗಿತ್ತು. ಗೊತ್ತಿದ್ದವರು ನಂಬಿ ಕೊಂಡರೆ ಅದು ತಪ್ಪಂತೆ. ಗೊತ್ತಿಲ್ಲದವನು ನಂಬಿ ಕೊಂಡರೆ ಸರಿಯಂತೆ. ಗೊತ್ತಿಲ್ಲದವನು ಯಾಕೆ ನಂಬಬೇಕು? ಅವನು ಬಿಂದುಶ್ರೀಯನ್ನು ಎರಡು ಸಲ ಕೇಳಿದ, ಎರಡು ಸಲವೂ ಅವಳು ಮೇಲನ್ನು ಮೊದಲಿನಿಂದ ಓದಿದಳು.

ಶುಕ್ರವಾರ ಹನ್ನೊಂದು ಗಂಟೆಗೆ ಕರೆ ಬಂತು. ಕನ್ನಮ್ಮ ಚಹಾ ತಂದವಳು ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ಬಿಂದುಶ್ರೀ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಆ ಕಡೆ ವಿಭಾ ಎಂಬ ಹೆಣ್ಣುಮಗಳು, ಪುಣ್ಯಕ್ಕೆ ಕನ್ನಡದವಳು.

"ಸರ್, ನಾನೂ ನಿಮ್ಮ ಸೈಟ್ ಓದಿದೆ, ಚೆನ್ನಾಗಿದೆ. ಖಾತೆ ಉಳಿಸೋಕೆ ದಾರಿ ಇದೆ. ಹತ್ತು ಹೆಸರು ಓದ್ತೀನಿ. ಗೊತ್ತಿಲ್ಲ ಅಂತ ನೀವು ಹೇಳ್ತಾ ಹೋಗಿ, ಸಾಕು. ಇನ್ಮೇಲೆ ಕರೆ ರೆಕಾರ್ಡ್ ಆಗತ್ತೆ, ನಾನು ಟಿಕ್ ಹಾಕ್ತೀನಿ."

"ಹಂ."

"ಮೊದಲನೇದು, ಕನ್ನಮ್ಮ, ಹೊಸನಗರ. ಇವರು ನಿಮಗೆ ಗೊತ್ತಾ ಸರ್?"

ಮಂಜುನಾಥಪ್ಪ ತಲೆಯೆತ್ತಿದ. ಮೂರಡಿ ದೂರದಲ್ಲಿ ಕನ್ನಮ್ಮ ಕೂತಿದ್ದಳು. ಅವಳು ಗಾಬರಿಯಿಂದ ಎರಡೂ ಕೈ ಅಲ್ಲಾಡಿಸುತ್ತ, ಗೊತ್ತಿಲ್ಲ ಅನ್ನು, ಗೊತ್ತಿಲ್ಲ ಅನ್ನು ಎಂದು ಸದ್ದಿಲ್ಲದೆ ಬಾಯಾಡಿಸುತ್ತಿದ್ದಳು. ಬಿಂದುಶ್ರೀಯೂ ತಲೆಯಾಡಿಸಿದಳು. ಒಂದೇ ಮಾತು. ಅಷ್ಟು ಹೇಳಿದರೆ ಈ ಕೈ ಇಟ್ಟುಕೊಂಡೂ ಬದುಕಲು ದಾರಿಯಿತ್ತು.

ಈ ವ್ಯವಹಾರ ಶುರುವಾದಾಗಿನಿಂದ ಅವನನ್ನು ಯಾರು ಏನೇ ಕೇಳಿದರೂ ಉತ್ತರ ತೋಚುತ್ತಿರಲಿಲ್ಲ. ಇದಕ್ಕೆ ಮಾತ್ರ ತೋಚಿತು.

"ಗೊತ್ತು" ಎಂದ.

"ಸರ್, ಇನ್ನೊಂದ್ಸಲ ಕೇಳ್ತೀನಿ..."

"ಎಷ್ಟು ಸಲ ಕೇಳಿದ್ರೂ ಗೊತ್ತು ಕಣಮ್ಮ. ಎದುರಿಗೆ ಕೂತವ್ಳೆ. ಅವ್ಳ ಚಹಾನೇ ಕುಡೀತಾ ಇದೀನಿ. ಉಳಿದ ಒಂಬತ್ತು ಜನಾನೂ ಗೊತ್ತು, ಹೆಸರು ಓದೋ ಕಷ್ಟ ತಗೋಬೇಡ."

ಆ ಕಡೆ ಕೀಲಿಮಣೆ ಒತ್ತುವ ಸದ್ದು ಕೇಳಿತು. ಆಮೇಲೆ ವಿಭಾ, ಸಂಜೆಯೊಳಗೆ ಖಾತೆ ಮುಚ್ಚುತ್ತದೆ, ಕ್ಷಮಿಸಿ ಸರ್ ಎಂದು ಮೆಲ್ಲಗೆ ಹೇಳಿ ಫೋನು ಇಟ್ಟಳು.

ಕನ್ನಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಬೈಯತೊಡಗಿದಳು. "ಮಳ್ಳು ಮುಂಡೇದೆ, ಬಾಯಿಮಾತಿಗೆ ಗೊತ್ತಿಲ್ಲ ಅಂದಿದ್ರೆ ನಾನೇನು ಬೇಜಾರ್ ಮಾಡ್ಕೋತಿದ್ನಾ?"

"ನೀ ಮಾಡ್ಕೋತಿರ್ಲಿಲ್ಲ ಕನ್ನಕ್ಕ" ಎಂದ ಮಂಜುನಾಥಪ್ಪ. ಲೋಟ ಎತ್ತಲು ಹೋದರೆ ಕೈ ನಡುಗಿ ಚಹಾ ತುಳುಕಿತು. ಕನ್ನಮ್ಮ ಬೈಯುತ್ತಲೇ ಎದ್ದು ಬಂದು, ಲೋಟದ ತಳಕ್ಕೆ ತನ್ನ ಕೈಯನ್ನೂ ಕೊಟ್ಟಳು.